'ಪುಟ್ ಆಫ್' ಅಂದರೆ ಬರೀ ಮುಂದೂಡುವುದಾ? ಪೋಸ್ಟ್‌ಪೋನ್, ಡಿಲೇ, ಡಿಫರ್, ಅಡ್ಜರ್ನ್: ಎಲ್ಲಿ ಯಾವುದು?

ಕರಡುಪ್ರತಿ

ಇಂಗ್ಲಿಷಿನ 'ಪುಟ್ ಆಫ್'ಗೆ ಪರ್ಯಾಯ ಪದ ಹುಡುಕಿದರೆ ಉದ್ದದ ಪಟ್ಟಿ ಸಿಗುತ್ತದೆ: ಪೋಸ್ಟ್‌ಪೋನ್, ಡಿಲೇ, ಡಿಫರ್, ಅಡ್ಜರ್ನ್, ಸಸ್ಪೆಂಡ್, ರೀಶೆಡ್ಯೂಲ್, ಪುಶ್ ಬ್ಯಾಕ್. ಕನ್ನಡ ಅರ್ಥ ನೋಡಿದರೆ ಹೆಚ್ಚುಕಮ್ಮಿ ಎಲ್ಲದರ ಮುಂದೆಯೂ 'ಮುಂದೂಡು'. ಹಾಗಾದರೆ ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ನಡೆಯುತ್ತದಾ? 'ದ ಟ್ರೇನ್ ಈಸ್ ಪೋಸ್ಟ್‌ಪೋನ್ಡ್' ಅನ್ನೋದು ಯಾಕೆ ಸರಿ ಅನ್ನಿಸುವುದಿಲ್ಲ? ಆಫೀಸಿನ ಮೇಲ್, ನೋಟಿಸು, ಅನುವಾದ, ಮೂರಕ್ಕೂ ಉಪಯೋಗವಾಗುವ ಹಾಗೆ ತಿಳಿದವರು ಹೇಳಿ. ಎಲ್ಲೆಲ್ಲಿ ತಪ್ಪುತ್ತದೆ ಅನ್ನೋದನ್ನೂ ಸೇರಿಸಿ.

ಪಾಠದಹಲಗೆ

ಮೊದಲು ನೋಡಬೇಕಾದ್ದು, ಯಾರಾದರೂ ತೀರ್ಮಾನ ಮಾಡಿದರಾ ಅಥವಾ ತಾನಾಗಿ ತಡವಾಯಿತಾ ಅನ್ನೋದು. 'ಪೋಸ್ಟ್‌ಪೋನ್' ಮತ್ತು 'ಪುಟ್ ಆಫ್' ಎರಡಕ್ಕೂ ತೀರ್ಮಾನ ಮಾಡುವವರು ಬೇಕು. 'ಡಿಲೇ'ಗೆ ಬೇಕಾಗಿಲ್ಲ. ಮಂಜು, ಸಿಗ್ನಲ್ ತೊಂದರೆ, ಮಳೆ ಯಾವುದಾದರೂ ಡಿಲೇ ಮಾಡಬಹುದು. ಕನ್ನಡದಲ್ಲೂ ನೋಡಿ, 'ರೈಲು ತಡ' ಅಂತೀವಿ, 'ರೈಲನ್ನು ಮುಂದೂಡಿದ್ದಾರೆ' ಅನ್ನುವುದಿಲ್ಲ. ನಿಮ್ಮ ಕಿವಿ ಸರಿಯಾಗೇ ಹೇಳಿದೆ.

ಎರಡನೆಯದು, ಕೆಲಸ ಶುರುವಾಗುವ ಮೊದಲೇ ಮುಂದೆ ಹೋಯಿತಾ, ನಡುವೆ ನಿಂತಿತಾ? ಶುರುವಾಗುವ ಮೊದಲು ಆದರೆ ಪೋಸ್ಟ್‌ಪೋನ್. 2020ರ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತಲ್ಲ, ಅದು ಪೋಸ್ಟ್‌ಪೋನ್. 2021ರ ಐಪಿಎಲ್ ಅರ್ಧ ಆಡಿದ ಮೇಲೆ ಮೇ 4ಕ್ಕೆ ನಿಂತು ಸೆಪ್ಟೆಂಬರ್ 19ಕ್ಕೆ ಮತ್ತೆ ಶುರುವಾಯಿತು, ಅದು ಸಸ್ಪೆಂಡ್. ಸಭೆಯೋ ವಿಚಾರಣೆಯೋ ಕೂತಿದ್ದು ಎದ್ದರೆ ಅಡ್ಜರ್ನ್.

'ಪುಟ್ ಆಫ್' ಆಡುಮಾತಿನದು. ಸುತ್ತೋಲೆಯಲ್ಲಿ 'ಪೋಸ್ಟ್‌ಪೋನ್' ಬರೆಯಿರಿ, ಗೆಳೆಯರಿಗೆ ಮೆಸೇಜು ಹಾಕುವಾಗ 'ಪುಟ್ ಆಫ್' ಸಾಕು.

ಮೂರನೇಪಾಳಿ

ರೈಲಿನ ಮಾತು ಬಂತು, ಅಲ್ಲೊಂದು ಸೂಕ್ಷ್ಮ ಇದೆ. ರೈಲ್ವೆಯವರ 'ರೀಶೆಡ್ಯೂಲ್ಡ್' ಬೇರೆ, 'ಲೇಟ್' ಬೇರೆ. ಹೊರಡುವ ಮೂಲ ನಿಲ್ದಾಣದಲ್ಲೇ ಸಮಯ ಬದಲಿಸಿದರೆ ರೀಶೆಡ್ಯೂಲ್ಡ್. ಹೊರಟ ಮೇಲೆ ದಾರಿಯಲ್ಲಿ ಹಿಂದೆ ಬಿದ್ದರೆ ಲೇಟ್ ಅಥವಾ ಡಿಲೇಡ್. ಒಂದರಲ್ಲಿ ತೀರ್ಮಾನ ಇದೆ, ಇನ್ನೊಂದರಲ್ಲಿ ಇಲ್ಲ. ಮೇಲೆ ಹೇಳಿದ ಸೂತ್ರಕ್ಕೆ ಸರಿಹೊಂದುತ್ತದೆ.

ಟಿಕೆಟ್ ದುಡ್ಡಿಗೂ ಇದಕ್ಕೂ ಸಂಬಂಧ ಇದೆ. ನೀವು ಹತ್ತುವ ನಿಲ್ದಾಣದಲ್ಲಿ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿದ್ದು, ಪ್ರಯಾಣ ಮಾಡದೆ, ರೈಲು ನಿಜವಾಗಿ ಹೊರಡುವ ಮೊದಲೇ ಟಿಡಿಆರ್ (ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ) ಹಾಕಿದರೆ ಪೂರ್ತಿ ಹಣ ವಾಪಸ್. ಅಲ್ಲಿ ಕಾರಣ ಆರಿಸುವಾಗ ಕಾಣುವುದು 'ಲೇಟ್' ಅನ್ನುವ ಪದ, 'ಪೋಸ್ಟ್‌ಪೋನ್' ಅಲ್ಲ.

ಕರಡುಪ್ರತಿ

ಚೆನ್ನಾಗಿದೆ. 'ಕಾಲ್ ಆಫ್' ಕೂಡ ಇದೇ ಗುಂಪಾ?

ಪಾಠದಹಲಗೆ

ಅಲ್ಲವೇ ಅಲ್ಲ. ಅಲ್ಲಿ ಎಡವಿದರೆ ಅನಾಹುತ. 'ದ ವೆಡ್ಡಿಂಗ್ ಈಸ್ ಪುಟ್ ಆಫ್' ಅಂದರೆ ಆಷಾಢ ಕಳೆದು ಶ್ರಾವಣದಲ್ಲಿ ಮಾಡ್ತಾರೆ. 'ದ ವೆಡ್ಡಿಂಗ್ ಈಸ್ ಕಾಲ್ಡ್ ಆಫ್' ಅಂದರೆ ಸಂಬಂಧವೇ ಮುರಿದಿದೆ. 'ಆಫ್' ಎರಡರಲ್ಲೂ ಇರುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೆ.

2020ರಲ್ಲೇ ಎರಡಕ್ಕೂ ಉದಾಹರಣೆ ಇದೆ. ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋಗಿ 2021ರ ಜುಲೈ 23ಕ್ಕೆ ಶುರುವಾಯಿತು. ಅದು 'ಪುಟ್ ಆಫ್'. ಆ ವರ್ಷದ ವಿಂಬಲ್ಡನ್ ನಡೆಯಲೇ ಇಲ್ಲ. ಅದು 'ಕಾಲ್ಡ್ ಆಫ್', ಅಂದರೆ ರದ್ದು.

ವಾಯಿದೆಪುಸ್ತಕ

ಕೋರ್ಟಿನ ಪದಗಳನ್ನು ನಾನು ಹೇಳ್ತೀನಿ. ಅಲ್ಲಿ 'ಪುಟ್ ಆಫ್' ಯಾರೂ ಬರೆಯುವುದಿಲ್ಲ. 'ದ ಮ್ಯಾಟರ್ ಈಸ್ ಅಡ್ಜರ್ನ್ಡ್ ಟು' ಅಂತ ಹೇಳಿ ತಾರೀಖು ಬರೆಯುತ್ತಾರೆ. ಕನ್ನಡದಲ್ಲಿ ಕಕ್ಷಿದಾರರ ಬಾಯಲ್ಲಿ ಅದು 'ವಾಯಿದೆ ಹಾಕಿದ್ರು', ಕೆಲವು ಕಡೆ 'ಮುದ್ದತ್ತು'. 'ಅಡ್ಜರ್ನ್' ಪದದ ಒಳಗೆ ಫ್ರೆಂಚಿನ 'ದಿನ' ಕೂತಿದೆ, ಅಂದರೆ ಇನ್ನೊಂದು ದಿನ ಗೊತ್ತುಮಾಡುವುದು. ವಾಯಿದೆಯೂ ಅದೇ. ಇಷ್ಟು ಸರಿಯಾಗಿ ಹೊಂದುವ ಜೋಡಿ ಸಿಗುವುದು ಕಷ್ಟ, ಆದರೂ ಅನುವಾದಕರು ಬಿಡದೆ 'ಮುಂದೂಡಿಕೆ'ಯನ್ನೇ ಹಿಡಿದಿರುತ್ತಾರೆ.

ದಿನ ಗೊತ್ತುಮಾಡದೆ ಎದ್ದರೆ 'ಸೈನ್ ಡೈ', ಕನ್ನಡದಲ್ಲಿ ಅನಿರ್ದಿಷ್ಟಾವಧಿಗೆ ಮುಂದೂಡಿಕೆ. ಅದೇ ದಿನ ಸ್ವಲ್ಪ ಹೊತ್ತು ಬಿಟ್ಟು ಪ್ರಕರಣ ತೆಗೆದುಕೊಳ್ಳಿ ಅಂತ ಕೇಳಿದರೆ ಅದು 'ಪಾಸ್ ಓವರ್', ಅಡ್ಜರ್ನ್‌ಮೆಂಟ್ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕ ಯಾಕೆ ಅಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ ದಾವೆಯ ವಿಚಾರಣೆ ನಡೆಯುವಾಗ ಒಬ್ಬ ಪಕ್ಷಗಾರನಿಗೆ 3ಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು. ನಡೆಯುವುದೇನು ಅಂತ ಕೇಳಬೇಡಿ.

ಇನ್ನೆರಡು ಪದಗಳನ್ನು ಇದರ ಜೊತೆ ಕಲಸುವವರಿದ್ದಾರೆ. 'ಸ್ಟೇ' ಅಂದರೆ ತಡೆಯಾಜ್ಞೆ, ತಾರೀಖು ಮುಂದೆ ಹೋಗುವುದಲ್ಲ. 'ಜಡ್ಜ್‌ಮೆಂಟ್ ರಿಸರ್ವ್ಡ್' ಅಂದರೆ ವಾದ ಮುಗಿದಿದೆ, ತೀರ್ಪು ಕಾಯ್ದಿರಿಸಲಾಗಿದೆ. ಪತ್ರಿಕೆಯಲ್ಲಿ 'ತೀರ್ಪು ಮುಂದೂಡಿಕೆ' ಅಂತ ಶೀರ್ಷಿಕೆ ಕೊಟ್ಟರೆ ಅರ್ಥವೇ ಬೇರೆ ಆಗುತ್ತದೆ. ಗೊತ್ತುಮಾಡಿದ ದಿನ ತೀರ್ಪು ಬರಲಿಲ್ಲ ಅಂತ ಓದುಗರು ತಿಳಿದುಕೊಳ್ಳುತ್ತಾರೆ.

ಕಡತವಾಸಿ

ವಿಧಾನಸಭೆಯಲ್ಲೂ ಹಾಗೆಯೇ ಒಂದು ಬಲೆ ಇದೆ. 'ಅಡ್ಜರ್ನ್‌ಮೆಂಟ್ ಮೋಷನ್' ಅಂದಾಗ ಸದನವನ್ನು ಮುಂದೂಡಿ ಅಂತ ಕೇಳುವುದಲ್ಲ. ಅವತ್ತಿನ ಪಟ್ಟಿಯ ಕೆಲಸ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಅಂತ ಕೇಳುವುದು. ಅದಕ್ಕೇ ಕನ್ನಡದಲ್ಲಿ 'ನಿಲುವಳಿ ಸೂಚನೆ' ಅನ್ನುವ ಅಚ್ಚುಕಟ್ಟಾದ ಪದ ಬಳಕೆಗೆ ಬಂದಿದೆ. ದಿನದ ಮಟ್ಟಿಗೆ ಸದನ ಏಳುವುದು ಅಡ್ಜರ್ನ್, ಅದು ಸ್ಪೀಕರ್ ಕೈಯಲ್ಲಿದೆ. ಅಧಿವೇಶನವನ್ನೇ ಮುಗಿಸುವುದು 'ಪ್ರೊರೋಗ್', ಸಂವಿಧಾನದ 174ನೇ ವಿಧಿಯಂತೆ ರಾಜ್ಯಪಾಲರದು.

'ಟೇಬಲ್' ಇನ್ನೂ ಮಜಾ. ನಮ್ಮಲ್ಲಿ, ಬ್ರಿಟನ್ನಿನಲ್ಲಿ 'ಟೇಬಲ್ ಎ ಬಿಲ್' ಅಂದರೆ ಮಂಡಿಸುವುದು. ಅಮೆರಿಕದಲ್ಲಿ 'ಟೇಬಲ್' ಮಾಡುವುದು ಅಂದರೆ ಚರ್ಚೆ ಬೇಡ, ಪಕ್ಕಕ್ಕಿಡಿ ಅಂತ. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಈ ಒಂದೇ ಪದದ ಮೇಲೆ ಜಗಳ ಆಡಿದ್ದನ್ನು ಚರ್ಚಿಲ್ ದಾಖಲಿಸಿದ್ದಾನೆ. ಇಬ್ಬರಿಗೂ ಬೇಕಾಗಿದ್ದುದು ಒಂದೇ, ಆದರೂ ಜಗಳ. ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಮಾಡುವವರು 'ಲೆಟ್ಸ್ ಟೇಬಲ್ ದಿಸ್' ಕೇಳಿದರೆ ಸ್ಲೈಡು ತೆರೆಯಬೇಡಿ, ಮುಚ್ಚಿ.

ಕಚೇರಿಯ ಕಡತದ ವಿಷಯಕ್ಕೆ ಬಂದರೆ 'ಕೆಪ್ಟ್ ಇನ್ ಅಬೆಯನ್ಸ್' ಅಂತ ಟಿಪ್ಪಣಿ ಇರುತ್ತದೆ. ಕನ್ನಡದಲ್ಲಿ 'ತಡೆಹಿಡಿಯಲಾಗಿದೆ'. ದಿನಾಂಕ ಇರುವುದಿಲ್ಲ, ರದ್ದೂ ಆಗಿರುವುದಿಲ್ಲ. ಅದಕ್ಕೆ 'ಮುಂದೂಡಲಾಗಿದೆ' ಅಂತ ಬರೆದರೆ ಅರ್ಜಿದಾರ 'ಯಾವತ್ತಿಗೆ?' ಅಂತ ಬಂದು ನಿಲ್ಲುತ್ತಾನೆ.

ಧಾರವಾಡದಾಂವ

ಎಲ್ಲಾ ಛಲೋ ಬರದೀರಿ, ಆದ್ರ ದೊಡ್ಡ ಗೊಂದಲದ ಜಾಗಾನ ಬಿಟ್ಟೀರಿ. ದಿಕ್ಕು! ನಮ್ಮ ಕಡೆ 'ಮೀಟಿಂಗ್ ಮುಂದ ಹಾಕ್ಯಾರ' ಅಂದ್ರ ತಡಾ ಮಾಡ್ಯಾರ ಅಂತ ಅರ್ಥ. ಅದನ್ನ ಹಂಗ ಇಂಗ್ಲಿಷಿಗೆ ತಂದು 'ದ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್' ಅಂತ ಬರದ್ರ ಉಲ್ಟಾ ಆಗ್ತದ. ಅವರ ಲೆಕ್ಕದಾಗ 'ಬ್ರಿಂಗ್ ಫಾರ್ವರ್ಡ್' ಅಂದ್ರ ಮೊದಲ ಇಟ್ಕೊಳ್ಳೋದು. 'ಪುಶ್ ಬ್ಯಾಕ್' ಅಂದ್ರ ತಡಾ ಮಾಡೋದು. ನಮ್ಮವರು 'ಬ್ಯಾಕ್' ಕೇಳಿ ಹಿಂದಿನ ದಿನಕ್ಕ ಬಂತು ಅಂತ ತಿಳಕೊಂಡು ಕುಂಡ್ರತಾರ.

ಕರಡುಪ್ರತಿ

ಅರೆ, ಹೌದಲ್ಲ! ಯಾಕೆ ಹೀಗೆ?

ಪಾಠದಹಲಗೆ

ಕಾಲವನ್ನು ಎರಡು ಥರ ನೋಡಬಹುದು. ಒಂದು, ನಾವು ದಾರಿಯಲ್ಲಿ ನಡೆಯುತ್ತಿದ್ದೇವೆ, ಮುಂದೆ ಇರುವುದು ನಾಳೆ. ಮೀಟಿಂಗನ್ನು ಮುಂದಕ್ಕೆ ದೂಡಿದರೆ ಅದು ನಮ್ಮಿಂದ ದೂರ ಹೋಯಿತು, ಅಂದರೆ ತಡವಾಯಿತು. 'ಮುಂದೂಡು' ಹುಟ್ಟಿದ್ದು ಈ ನೋಟದಿಂದ. ಇನ್ನೊಂದು, ದಿನಗಳು ಕ್ಯೂ ನಿಂತಿವೆ, ಒಂದೊಂದೇ ನಮ್ಮ ಕಡೆ ಬರುತ್ತಿವೆ. ಕ್ಯೂನಲ್ಲಿ ಮುಂದೆ ಇರುವವನ ಸರದಿ ಮೊದಲು. ಹಾಗಾಗಿ ಕ್ಯೂನಲ್ಲಿ ಹಿಂದಕ್ಕೆ ಹಾಕಿದರೆ ತಡ. 'ಬ್ರಿಂಗ್ ಫಾರ್ವರ್ಡ್', 'ಪುಶ್ ಬ್ಯಾಕ್' ಎರಡೂ ಈ ಕ್ಯೂ ಲೆಕ್ಕದ ಮಾತು.

ಇಂಗ್ಲಿಷ್ ಮನೆಮಾತಿನವರೂ ಇದರಲ್ಲಿ ಎಡವುತ್ತಾರೆ. 'ಮುಂದಿನ ಬುಧವಾರದ ಮೀಟಿಂಗನ್ನು ಎರಡು ದಿನ ಮೂವ್ಡ್ ಫಾರ್ವರ್ಡ್ ಮಾಡಿದ್ದಾರೆ, ಈಗ ಯಾವ ದಿನ?' ಅನ್ನುವುದು ಭಾಷಾ ಮನೋವಿಜ್ಞಾನದಲ್ಲಿ ಹೆಸರುವಾಸಿಯಾದ ಪ್ರಶ್ನೆ. ಕೆಲವರು ಸೋಮವಾರ ಅಂತಾರೆ, ಕೆಲವರು ಶುಕ್ರವಾರ ಅಂತಾರೆ. 'ಬ್ರಿಂಗ್ ಫಾರ್ವರ್ಡ್'ನಲ್ಲಿ ಈ ಗೊಂದಲ ಕಡಿಮೆ, 'ಮೂವ್ ಫಾರ್ವರ್ಡ್'ನಲ್ಲಿ ಜಾಸ್ತಿ. ಮೇಲ್‌ನಲ್ಲಿ ಅದನ್ನು ಬಳಸಲೇಬೇಡಿ.

ಧಾರವಾಡದಾಂವ

ಕ್ಯೂ ಲೆಕ್ಕ ನಮ್ಮ ಭಾಷಾದಾಗೂ ಐತ್ರಿ. ಮುಂಗಾರಿ ಮೊದಲ ಬರ್ತದ, ಹಿಂಗಾರಿ ಆಮ್ಯಾಲ ಬರ್ತದ. ಅಲ್ಲಿ 'ಮುಂ' ಅಂದ್ರ ಮೊದಲು, 'ಹಿಂ' ಅಂದ್ರ ತಡಾ. ಮುಂಗಡ ರೊಕ್ಕ ಅಂದ್ರೂ ಮೊದಲ ಕೊಡೋದ ಅಲ್ಲೇನು? ಮುಂಗಾರಿ ನೆನಪಿಟ್ಕೊಂಡ್ರ 'ಬ್ರಿಂಗ್ ಫಾರ್ವರ್ಡ್' ಮರಿಯಂಗಿಲ್ಲ. ಹಿಂಗಾರಿ ನೆನಪಿಟ್ಕೊಂಡ್ರ 'ಪುಶ್ ಬ್ಯಾಕ್' ಮರಿಯಂಗಿಲ್ಲ.

ವಾಯಿದೆಪುಸ್ತಕ

ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಮಾತು. ಕೋಷ್ಟಕ ಹಾಕಿ ಕಲಿಸುವವರು ಓದಬೇಕು.

ಥೇಮ್ಸ್‌ದಂಡೆ

ಬ್ರಿಟನ್ನಿನಲ್ಲಿ 'ಪುಟ್ ಬ್ಯಾಕ್' ಕೂಡ ಬಳಕೆಯಲ್ಲಿದೆ, 'ಪುಟ್ ಆಫ್' ಅರ್ಥದಲ್ಲೇ. 'ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಬ್ಯಾಕ್ ಆ್ಯನ್ ಅವರ್' ಅಂದರೆ ಒಂದು ಗಂಟೆ ತಡವಾಗಿ. ಆದರೆ ಬೇಸಿಗೆ ಸಮಯ ಮುಗಿದು ಇಲ್ಲಿ ಗಡಿಯಾರ ಬದಲಿಸುವ ಅಕ್ಟೋಬರ್ ಕೊನೆಯಲ್ಲಿ 'ಪುಟ್ ದ ಕ್ಲಾಕ್ಸ್ ಬ್ಯಾಕ್ ಆ್ಯನ್ ಅವರ್' ಅಂದರೆ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು, 2 ಇದ್ದದ್ದು 1 ಆಗುತ್ತದೆ. ಮೀಟಿಂಗ್ 2ಕ್ಕೆ ಇದ್ದು 'ಪುಟ್ ಬ್ಯಾಕ್' ಆದರೆ 3. ಅದೇ ಪದಗಳು, ದಿಕ್ಕು ತಿರುಗುಮುರುಗು. ಗಡಿಯಾರಕ್ಕೆ ಮುಳ್ಳಿನ ಲೆಕ್ಕ, ಮೀಟಿಂಗಿಗೆ ಕ್ಯೂ ಲೆಕ್ಕ.

ಬೆಂಗಳೂರಿನ ತಂಡದ ಜೊತೆ ಕರೆ ಇದ್ದವರಿಗೆ ಮಾರ್ಚ್ ಮತ್ತು ಅಕ್ಟೋಬರಿನಲ್ಲಿ ಇನ್ನೊಂದು ಪೇಚು. ಯಾರೂ ಏನೂ ಮುಂದೂಡದೆ ಇದ್ದರೂ ಅಂತರ ಐದೂವರೆ ಗಂಟೆಯಿಂದ ನಾಲ್ಕೂವರೆಗೆ, ಮತ್ತೆ ಐದೂವರೆಗೆ ಬದಲಾಗುತ್ತದೆ. ಆಗ 'ದ ಕಾಲ್ ಹ್ಯಾಸ್ ಬೀನ್ ಪುಶ್ಡ್ ಬ್ಯಾಕ್' ಅಂತ ಬರೆಯಬೇಡಿ. ಎರಡೂ ಊರಿನ ಸಮಯ ಬರೆಯಿರಿ, ಮುಗಿಯಿತು.

ಅಮೆರಿಕದವರು ಮೊದಲೇ ಇಟ್ಟುಕೊಳ್ಳುವುದಕ್ಕೆ 'ಮೂವ್ ಅಪ್' ಅಂತಾರೆ.

ಲೆಕ್ಕದಹಾಳೆ

ಲೆಕ್ಕಪುಸ್ತಕದಲ್ಲಿ ಪುಟದ ಮೇಲ್ಭಾಗದಲ್ಲಿ 'ಬಿ/ಎಫ್' ಇರುತ್ತದೆ, 'ಬ್ರಾಟ್ ಫಾರ್ವರ್ಡ್'. ಅಲ್ಲಿ ಹಿಂದಿನ ಪುಟದ ಮೊತ್ತ ಈ ಪುಟಕ್ಕೆ ಬಂದಿದೆ ಅಂತ ಅರ್ಥ, ಅಂದರೆ ಹಳೆಯದು ಹೊಸದಕ್ಕೆ. ಮೀಟಿಂಗಿನ 'ಬ್ರಾಟ್ ಫಾರ್ವರ್ಡ್'ಗೆ ಹೋಲಿಸಿದರೆ ಹೋಗುವ ದಿಕ್ಕೇ ಎದುರು. ಕಾಮರ್ಸ್ ಓದಿದವರು ಇಲ್ಲಿ ಎಡವುವುದು ಸಹಜ.

ಹಣಕಾಸಿನಲ್ಲಿ ನಿಜವಾಗಿ ಮುಖ್ಯವಾದ ಪದ 'ಡಿಫರ್'. ಕೊಡಬೇಕಾದ್ದನ್ನು, ಮಾಡಲೇಬೇಕಾದ್ದನ್ನು ಆಮೇಲೆ ಅನ್ನುವುದು ಡಿಫರ್: ಕಂತು, ಫೀಸು, ತೆರಿಗೆ, ಕೆಲಸಕ್ಕೆ ಸೇರುವ ದಿನ, ವಿದೇಶದ ವಿಶ್ವವಿದ್ಯಾಲಯದ ಪ್ರವೇಶ. ಬಾಧ್ಯತೆ ಉಳಿದೇ ಇರುತ್ತದೆ. ಮನ್ನಾ ಮಾಡುವುದು 'ವೇವ್'. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಮೊರಟೋರಿಯಂಗೆ, ಅಂದರೆ ಕಂತು ಕಟ್ಟುವುದಕ್ಕೆ ತಾತ್ಕಾಲಿಕ ಬಿಡುವಿಗೆ, ಅವಕಾಶ ಕೊಟ್ಟಾಗ ಆದದ್ದು ಡಿಫರ್. ಆಮೇಲೆ ಅದು ಆಗಸ್ಟ್ 31ರವರೆಗೆ ವಿಸ್ತರಣೆಯಾಯಿತು. 'ಕಂತು ಮಾಫಿ' ಅಂತ ತಿಳಿದವರಿಗೆ ಬಡ್ಡಿ ಬೆಳೆದದ್ದು ಆಮೇಲೆ ಕಂಡಿತು. 30 ಲಕ್ಷ ಬಾಕಿ, ವರ್ಷಕ್ಕೆ ಶೇ. 8 ಅಂದುಕೊಳ್ಳಿ. ತಿಂಗಳ ಬಡ್ಡಿಯೇ 20,000. ಮೂರು ತಿಂಗಳು ಕಟ್ಟದಿದ್ದರೆ ಬಡ್ಡಿಯ ಮೇಲೆ ಬಡ್ಡಿ ಸೇರಿ 60,000 ದಾಟಿ ಅಸಲಿಗೆ ಜಮೆಯಾಗುತ್ತದೆ. ಒಂದು ಪದ ತಪ್ಪು ತಿಳಿದದ್ದಕ್ಕೆ ಇಷ್ಟು ಬೆಲೆ.

ಬರೆಯುವಾಗ ಇನ್ನೊಂದು ಎಚ್ಚರ. ಕನ್ನಡದಲ್ಲಿ ಬರೆದರೆ 'ಡಿಫರ್' ಒಂದೇ, ಇಂಗ್ಲಿಷಿನಲ್ಲಿ ಎರಡು. ಭಿನ್ನವಾಗು ಅನ್ನುವ 'ಡಿಫರ್'ನಲ್ಲಿ ಎಫ್ ಎರಡು, ಒತ್ತು ಮೊದಲ ಅಕ್ಷರಕ್ಕೆ. ಮುಂದೂಡು ಅನ್ನುವ 'ಡಿಫರ್'ನಲ್ಲಿ ಎಫ್ ಒಂದೇ, ಒತ್ತು ಕೊನೆಗೆ, ಅದಕ್ಕೇ ಭೂತಕಾಲದಲ್ಲಿ ಆರ್ ಎರಡಾಗುತ್ತದೆ. ಎರಡಕ್ಕೂ ಲ್ಯಾಟಿನ್ ಬೇರು ಒಂದೇ. ಜೊತೆಗೆ 'ಡಿಫರ್ ಟು' ಅಂತ ಬಂದು ಅದರ ಮುಂದೆ ತಾರೀಖಲ್ಲದೆ ವ್ಯಕ್ತಿಯೋ ಅವರ ಅಭಿಪ್ರಾಯವೋ ಇದ್ದರೆ ಮುಂದೂಡುವುದಲ್ಲ, ಅವರ ಮಾತಿಗೆ ತಲೆಬಾಗುವುದು.

ಕರಡುಪ್ರತಿ

ವ್ಯಾಕರಣ ಯಾರೂ ಮುಟ್ಟಲಿಲ್ಲ. 'ಪುಟ್ ಆಫ್ ಟು ಗೋ' ತಪ್ಪಾ?

ಪಾಠದಹಲಗೆ

ತಪ್ಪು. 'ಪುಟ್ ಆಫ್ ಗೋಯಿಂಗ್' ಆಗಬೇಕು. ಪೋಸ್ಟ್‌ಪೋನ್, ಡಿಲೇ, ಡಿಫರ್ ಎಲ್ಲಕ್ಕೂ 'ಇಂಗ್' ರೂಪವೇ. ಕನ್ನಡವೇ ಇದಕ್ಕೆ ಸಹಾಯ ಮಾಡುತ್ತದೆ. 'ಹೋಗುವುದನ್ನು ಮುಂದೂಡಿದ' ಅಂತೀವಿ, 'ಹೋಗಲು ಮುಂದೂಡಿದ' ಅನ್ನುವುದಿಲ್ಲ. 'ವುದನ್ನು' ಬಂದ ಕಡೆ 'ಇಂಗ್'. 'ಹೋಗಲು ಹಿಂಜರಿದ' ಅಂತೀವಿ, ಅಲ್ಲಿ 'ಹೆಸಿಟೇಟೆಡ್ ಟು ಗೋ', 'ಟು' ಬಂತು.

ಕಡತವಾಸಿ

ಈ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. 'ಈಜುವುದನ್ನು ಕಲಿತ' ಅಂದರೆ 'ಲರ್ನ್ಡ್ ಟು ಸ್ವಿಮ್'. 'ಹೇಳುವುದನ್ನು ಮರೆತ' ಅಂದರೆ 'ಫರ್ಗಾಟ್ ಟು ಟೆಲ್'.

ಪಾಠದಹಲಗೆ

ಒಪ್ಪಿದೆ. ಮುಂದೂಡುವ ಪದಗಳ ಗುಂಪಿಗೆ ಮಾತ್ರ ಇಟ್ಟುಕೊಳ್ಳಿ, ಇಲ್ಲಿ ಕೈಕೊಡುವುದಿಲ್ಲ.

ಇನ್ನು ಸರ್ವನಾಮದ ಜಾಗ. 'ಪುಟ್ ಆಫ್ ದ ಮೀಟಿಂಗ್', 'ಪುಟ್ ದ ಮೀಟಿಂಗ್ ಆಫ್' ಎರಡೂ ಸರಿ. ಆದರೆ 'ಪುಟ್ ಇಟ್ ಆಫ್' ಮಾತ್ರ ಸರಿ, 'ಪುಟ್ ಆಫ್ ಇಟ್' ತಪ್ಪು. ಭೂತಕಾಲದಲ್ಲೂ 'ಪುಟ್', 'ಪುಟ್ಟೆಡ್' ಇಲ್ಲ.

ತಾರೀಖಿನ ಮುಂದೆ ಏನು ಬರಬೇಕು ಅನ್ನುವಲ್ಲಿ ನೋಟಿಸುಗಳು ಅತಿ ಹೆಚ್ಚು ಕೆಡುತ್ತವೆ. ಹೊಸ ದಿನಕ್ಕೆ 'ಟು' ಅಥವಾ 'ಅಂಟಿಲ್'. ಎಷ್ಟು ದಿನ ಅನ್ನುವುದಕ್ಕೆ 'ಬೈ' ಅಥವಾ 'ಫಾರ್'. ಹಳೆಯ ದಿನ ಹೇಳಬೇಕಾದರೆ 'ಫ್ರಮ್'. 'ಪೋಸ್ಟ್‌ಪೋನ್ಡ್ ಆನ್ ದ ನೈನ್ಟೀಂತ್' ಅಂತ ಬರೆದರೆ 19ರಂದು ಮುಂದೂಡುವ ತೀರ್ಮಾನ ಆಯಿತು ಅಂತ ಅರ್ಥ, ಸಭೆ 19ಕ್ಕೆ ಅಂತ ಅಲ್ಲ. ಕನ್ನಡದಲ್ಲಿ '19ಕ್ಕೆ' ಮತ್ತು '19ರಂದು' ನಡುವಿನ ವ್ಯತ್ಯಾಸವೇ ಅಲ್ಲಿ 'ಟು' ಮತ್ತು 'ಆನ್' ನಡುವೆ ಇದೆ.

ಕಡತವಾಸಿ

ಹಾಗೇ ಕನ್ನಡ ನೋಟಿಸಿಗೆ ಒಂದು ಮಾದರಿ: 'ಇದೇ ತಿಂಗಳ 12ರಂದು ನಡೆಯಬೇಕಿದ್ದ ಸರ್ವ ಸದಸ್ಯರ ಸಭೆಯನ್ನು 19ಕ್ಕೆ ಮುಂದೂಡಲಾಗಿದೆ. ಸಮಯ ಮತ್ತು ಸ್ಥಳದಲ್ಲಿ ಬದಲಾವಣೆ ಇಲ್ಲ.' ಎರಡನೇ ವಾಕ್ಯ ಬಿಟ್ಟರೆ ಫೋನ್ ನಿಲ್ಲುವುದಿಲ್ಲ. 'ಕಾರಣಾಂತರಗಳಿಂದ' ಅನ್ನುವ ಪದ ಸೇರಿಸುವುದು ಬಿಡುವುದು ನಿಮ್ಮಿಷ್ಟ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೊಸ ದಿನ ಗೊತ್ತಿಲ್ಲದಿದ್ದರೆ 'ಹೊಸ ದಿನಾಂಕವನ್ನು ನಂತರ ತಿಳಿಸಲಾಗುವುದು' ಅಂತ ಸ್ಪಷ್ಟವಾಗಿ ಹೇಳಿ.

ಮೂರನೇಪಾಳಿ

'ಪ್ರೀಪೋನ್' ಬಗ್ಗೆ ಎಲ್ಲರೂ ಜಾಣಮೌನ ವಹಿಸಿದ್ದೀರಿ. ತಪ್ಪು ಪದವಾ?

ಪಾಠದಹಲಗೆ

ತಪ್ಪಲ್ಲ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಭಾರತೀಯ ಇಂಗ್ಲಿಷ್ ಅನ್ನುವ ಗುರುತಿನೊಂದಿಗೆ ಇದೆ. 'ಪೋಸ್ಟ್' ಅಂದರೆ ಆಮೇಲೆ, 'ಪ್ರೀ' ಅಂದರೆ ಮೊದಲು, ತರ್ಕ ಸರಿಯಾಗೇ ಇದೆ. ದೇಶದೊಳಗಿನ ಮೇಲ್‌ಗೆ ಧಾರಾಳವಾಗಿ ಬಳಸಿ. ಹೊರಗಿನವರಿಗೆ ಬರೆಯುವಾಗ ಮಾತ್ರ 'ಬ್ರಿಂಗ್ ಫಾರ್ವರ್ಡ್' ಅಥವಾ 'ಅಡ್ವಾನ್ಸ್', ಇನ್ನೂ ಒಳ್ಳೆಯದು 'ಮೂವ್ಡ್ ಟು ಆ್ಯನ್ ಅರ್ಲಿಯರ್ ಡೇಟ್'.

ಥೇಮ್ಸ್‌ದಂಡೆ

ಇಲ್ಲಿ ಸ್ವಲ್ಪ ಭಿನ್ನಮತ. ಇಂಗ್ಲೆಂಡಿನಲ್ಲಿ ಅದನ್ನು ಕೇಳಿದವರಿಗೆ ಅರ್ಥವಾಗುತ್ತದೆ, ನಗುವವರು ಕಡಿಮೆ. ಬಳಸಬಾರದು ಅನ್ನುವಷ್ಟು ಹೆದರಿಕೆ ಬೇಡ. 'ಮೂವ್ ಫಾರ್ವರ್ಡ್' ಬರೆದು ಎರಡು ದಿನ ತಪ್ಪುವುದಕ್ಕಿಂತ 'ಪ್ರೀಪೋನ್' ಎಷ್ಟೋ ವಾಸಿ, ಅದರಲ್ಲಿ ದಿಕ್ಕಿನ ಅನುಮಾನವೇ ಇಲ್ಲ.

ವಾಯಿದೆಪುಸ್ತಕ

ಕನ್ನಡದಲ್ಲಿ ಅದಕ್ಕೆ ಒಂದೇ ಪದ ನೆಲೆ ನಿಂತಿಲ್ಲ. 'ಹಿಂದೂಡು' ಅಂತ ಬರೆಯುವವರಿದ್ದಾರೆ, ಓದುಗ ಒಂದು ಕ್ಷಣ ತಡವರಿಸುತ್ತಾನೆ. 'ಮೊದಲೇ ಇಟ್ಟುಕೊಂಡಿದ್ದಾರೆ', '19ರ ಬದಲು 12ಕ್ಕೇ ನಡೆಯಲಿದೆ' ಅಂದರೆ ಸಾಕು. ಆ 'ಏ' ಕಾರ ಎಲ್ಲ ಕೆಲಸ ಮಾಡುತ್ತದೆ.

ಕರಡುಪ್ರತಿ

ಇನ್ನೊಂದು ಸಾಲು ಅನುವಾದಕ್ಕೆ ಸಿಕ್ಕಿದೆ: 'ಡೋಂಟ್ ಬಿ ಪುಟ್ ಆಫ್ ಬೈ ದ ಪ್ರೈಸ್'. ಯಂತ್ರಾನುವಾದ 'ಬೆಲೆಯಿಂದ ಮುಂದೂಡಬೇಡಿ' ಅನ್ನುತ್ತದೆ.

ಪಾಠದಹಲಗೆ

ಇಲ್ಲಿ ಕರ್ಮಪದ ನೋಡಬೇಕು. 'ಪುಟ್ ಆಫ್' ಆಗುವುದು ಕೆಲಸವೋ ಕಾರ್ಯಕ್ರಮವೋ ಆದರೆ ಮುಂದೂಡು. ಮನುಷ್ಯ ಆದರೆ ಅರ್ಥ ಪೂರ್ತಿ ಬೇರೆ, ಅದರಲ್ಲೂ ಮೂರು ಕವಲು.

ಮನಸ್ಸು ಮುರಿಯುವುದು ಒಂದು. ನಿಮ್ಮ ಸಾಲು ಇಲ್ಲಿಗೆ ಸೇರುತ್ತದೆ: 'ಬೆಲೆ ನೋಡಿ ಹಿಂದೇಟು ಹಾಕಬೇಡಿ'. 'ದ ಸ್ಮೆಲ್ ಪುಟ್ ಮಿ ಆಫ್ ಮೈ ಫುಡ್' ಅಂದರೆ ಆ ವಾಸನೆಗೆ ಊಟವೇ ಬೇಡವಾಯಿತು. ಇದಕ್ಕೆ ಪರ್ಯಾಯಗಳೂ ಬೇರೆ. ಹುಮ್ಮಸ್ಸು ಕುಗ್ಗಿಸಿದರೆ 'ಡಿಸ್ಕರೇಜ್', ದಂಡ ಶಿಕ್ಷೆ ಅಪಾಯದ ಭಯ ತಡೆದರೆ 'ಡಿಟರ್', ಕೂರಿಸಿಕೊಂಡು ಬುದ್ಧಿ ಹೇಳಿ ಬಿಡಿಸಿದರೆ 'ಡಿಸ್ವೇಡ್', ಅಸಹ್ಯ ಹುಟ್ಟಿಸಿದರೆ 'ರಿಪೆಲ್'. ಹೆಲ್ಮೆಟ್ ದಂಡದ ಬಗ್ಗೆ ಬರೆಯುವಾಗ 'ಡಿಟರ್' ಬೇಕು, 'ಡಿಸ್ವೇಡ್' ಅಲ್ಲ. ದಂಡದ ರಸೀದಿ ಯಾರಿಗೂ ಬುದ್ಧಿವಾದ ಹೇಳುವುದಿಲ್ಲ.

ಗಮನ ಕೆಡಿಸುವುದು ಇನ್ನೊಂದು, ಬ್ರಿಟಿಷ್ ಬಳಕೆ. ಬ್ಯಾಟ್ಸ್‌ಮನ್ ಎದುರಿನ ಸೈಟ್‌ಸ್ಕ್ರೀನ್ ಹತ್ತಿರ ಯಾರೋ ಓಡಾಡಿದರೆ 'ಇಟ್ ಪುಟ್ ಹಿಮ್ ಆಫ್'. ಪರ್ಯಾಯ 'ಡಿಸ್ಟ್ರ್ಯಾಕ್ಟ್'.

ಮೂರನೆಯದು ಸಾಗಹಾಕುವುದು. ಸಾಲ ಕೇಳಲು ಬಂದವರಿಗೆ 'ನಾಳೆ ಬನ್ನಿ, ನಾಡಿದ್ದು ಬನ್ನಿ' ಅಂತ ಸಬೂಬು ಹೇಳಿ ಕಳಿಸುವುದು 'ಪುಟ್ ಸಮ್‌ವನ್ ಆಫ್'. 'ಸ್ಟಾಲ್' ಹತ್ತಿರದ ಪದ. ಬೇಕೆಂದೇ ಅಲೆಸುತ್ತಿದ್ದರೆ ಕನ್ನಡದ 'ಸತಾಯಿಸು' ಸರಿ, ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಪದ ಹುಡುಕುವುದು ವ್ಯರ್ಥ.

ಈ ಜೋಡಿ ನೋಡಿದರೆ ವ್ಯತ್ಯಾಸ ಹಿಡಿಯಬಹುದು. 'ಹೀ ಪುಟ್ ಆಫ್ ಗೋಯಿಂಗ್': ಹೋಗುವುದನ್ನು ಮುಂದಕ್ಕೆ ಹಾಕಿದ, ಮುಂದೆಂದಾದರೂ ಹೋಗ್ತಾನೆ. 'ಇಟ್ ಪುಟ್ ಹಿಮ್ ಆಫ್ ಗೋಯಿಂಗ್': ಹೋಗುವ ಮನಸ್ಸೇ ಹೋಯಿತು. ನಡುವೆ ಒಂದು 'ಹಿಮ್' ಬಂದದ್ದಕ್ಕೆ ಇಷ್ಟು ದೂರ.

ಧಾರವಾಡದಾಂವ

ಸಾಗಹಾಕೋದಕ್ಕ ಹಳ್ಳಿ ಮನಿ ಬಾಗಿಲ ಮ್ಯಾಲಿನ 'ನಾಳೆ ಬಾ' ಬರಹಕ್ಕಿಂತ ಛಲೋ ಉದಾಹರಣೆ ಇಲ್ಲ. ರಾತ್ರಿ ಬಂದ ದೆವ್ವ ಅದನ್ನ ಓದಿ ತಿರುಗಿ ಹೋ‌ಗ್ತದ, ಮರುದಿನ ಬಂದ್ರೂ ಅದ ಬರಹ. ದೆವ್ವಕ್ಕ 'ಪುಟ್ ಆಫ್', ಮನಿಯವರಿಗೆ 'ಪೋಸ್ಟ್‌ಪೋನ್'.

ಲೆಕ್ಕದಹಾಳೆ

ಆ ದೆವ್ವಕ್ಕೆ ಓದು ಬರುತ್ತದೆ, ತಾರೀಖು ಕೇಳುವ ಬುದ್ಧಿ ಇಲ್ಲ.

ಮೂರನೇಪಾಳಿ

'ಪ್ರೊಕ್ರಾಸ್ಟಿನೇಟ್' ಉಳಿಯಿತು.

ವಾಯಿದೆಪುಸ್ತಕ

ಅದು ತೀರ್ಮಾನವಲ್ಲ, ಸ್ವಭಾವ. ಮಾಡಬೇಕು ಅಂತ ಗೊತ್ತಿದ್ದೂ ಮಾಡದೆ ಕೂರುವುದು. ಲ್ಯಾಟಿನ್ನಿನಲ್ಲಿ 'ಕ್ರಾಸ್' ಅಂದರೆ ನಾಳೆ, ಅದೇ ಅದರ ಹೊಟ್ಟೆಯಲ್ಲಿದೆ. ಸಂಸ್ಥೆಯ ನೋಟಿಸಿನಲ್ಲಿ ಎಂದಿಗೂ ಬರಬಾರದು. 'ದ ಕಮಿಟಿ ಪ್ರೊಕ್ರಾಸ್ಟಿನೇಟೆಡ್' ಅಂದರೆ ಬೈದ ಹಾಗೆ. 'ಐ ಪ್ರೊಕ್ರಾಸ್ಟಿನೇಟೆಡ್ ದ ವರ್ಕ್' ಅಂತ ಕರ್ಮಪದ ಹಚ್ಚುವುದೂ ಒಗ್ಗುವುದಿಲ್ಲ, 'ಪುಟ್ ಆಫ್ ದ ವರ್ಕ್' ಅನ್ನಿ. ಕನ್ನಡದಲ್ಲಿ ಒಂದೇ ಪದ ಬೇಡ. ತೀರ್ಮಾನಿಸಲಾಗದೆ ತೂಗುತ್ತಿದ್ದರೆ ಮೀನಮೇಷ ಎಣಿಸುವುದು, ಸುಮ್ಮನೆ ದಿನ ಕಳೆಯುತ್ತಿದ್ದರೆ ಕಾಲಹರಣ.

ಕರಡುಪ್ರತಿ

ಕೊನೆಯ ಎರಡು: 'ಪುಟ್ ಆಫ್ ದ ಫ್ಯಾನ್' ಸರಿಯಾ? 'ಆಫ್-ಪುಟಿಂಗ್' ಅಂದರೆ ಮುಂದೂಡುವಂಥದ್ದಾ?

ಥೇಮ್ಸ್‌ದಂಡೆ

ಫ್ಯಾನಿಗೆ 'ಟರ್ನ್ ಆಫ್', 'ಸ್ವಿಚ್ ಆಫ್' ಎಲ್ಲ ಕಡೆ ನಡೆಯುತ್ತದೆ. 'ಪುಟ್ ಆಫ್ ದ ಫ್ಯಾನ್' ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಹೊರಗೆ ಹೇಳಿದರೆ ಕೇಳಿದವರು ಒಂದು ಗಳಿಗೆ ನಿಲ್ಲುತ್ತಾರೆ. 'ಆಫ್ ದ ಫ್ಯಾನ್' ಅಂತೂ 'ಫ್ಯಾನ್ ಆಫ್ ಮಾಡು' ಅನ್ನುವುದರ ನೇರ ನೆರಳು, ಬರವಣಿಗೆಯಲ್ಲಿ ಬೇಡ. ಬೆಂಕಿ, ಮೇಣದಬತ್ತಿ, ದೀಪಕ್ಕೆ 'ಪುಟ್ ಔಟ್'.

'ಆಫ್-ಪುಟಿಂಗ್'ಗೂ ತಾರೀಖಿಗೂ ಸಂಬಂಧವಿಲ್ಲ. ಮನಸ್ಸು ದೂರ ಮಾಡುವಂಥದ್ದು ಅಂತ. ಮುಂದೂಡುವ ಅರ್ಥದಲ್ಲಿ ನಾಮಪದ ಬೇಕಾದರೆ 'ಪೋಸ್ಟ್‌ಪೋನ್‌ಮೆಂಟ್', 'ಡಿಫರ್‌ಮೆಂಟ್' ಹತ್ತಿರ ಹೋಗಬೇಕು.

ವಾಯಿದೆಪುಸ್ತಕ

ದೇವರ ದೀಪವನ್ನು 'ಆರಿಸು' ಅನ್ನದೆ 'ದೊಡ್ಡದು ಮಾಡು', 'ಶಾಂತ ಮಾಡು' ಅನ್ನುವ ಮನೆಗಳಿವೆ. ಅದನ್ನು ಅನುವಾದಿಸುವವರು ಪದ ನೋಡಿ 'ಇನ್ಕ್ರೀಸ್' ಅಂತ ಬರೆಯಬೇಡಿ, ಅಲ್ಲಿ ಬೇಕಾದದ್ದು 'ಪುಟ್ ಔಟ್'.

ಕರಡುಪ್ರತಿ

ಗುರುವಾರ 12ರ ಕರೆಯನ್ನು ಶುಕ್ರವಾರಕ್ಕೆ ಹಾಕಲು ಕೇಳುವ ಮೇಲ್ ಹೀಗಿದ್ದರೆ ಸರಿಯಾ: 'ಕುಡ್ ವಿ ಮೂವ್ ದ ಕಾಲ್ ಫ್ರಮ್ ಥರ್ಸ್‌ಡೇ ದ ಟ್ವೆಲ್ಫ್ತ್ ಟು ಫ್ರೈಡೇ ದ ಥರ್ಟೀಂತ್? ಸೇಮ್ ಟೈಮ್.'

ಪಾಠದಹಲಗೆ

ಸರಿ ಇದೆ. ಫಾರ್ವರ್ಡ್ ಇಲ್ಲ, ಬ್ಯಾಕ್ ಇಲ್ಲ, ವಾರ ತಾರೀಖು ಎರಡೂ ಇದೆ. 'ಸೇಮ್ ಟೈಮ್' ಜೊತೆ ಯಾವ ಊರಿನ ಸಮಯ ಅಂತ ಸೇರಿಸಿ ಕಳಿಸಿ.